ಸೈಜೋ ಊರಿನ ಸಾಕೆ ಮನೆಗಳು

ಹಿರೋಷಿಮಾ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮೆಲ್ಲರ ಮನಸ್ಸೂ 1945ನೆಯ ಇಸವಿಯ ಆಗಸ್ಟ್ 6ನೆಯ ದಿನಕ್ಕೆ ಹೋಗುತ್ತದೆ. ಹೋಗುವುದು ಸಹಜವೇ. ಆದರೂ ಒಂದು ನಾಡನ್ನು ಅದು ಬೆಂದ ದಿನದಿಂದ ಮಾತ್ರವೇ ಗುರುತಿಸುವುದು ಆ ನಾಡಿನವರಿಗೆ ನ್ಯಾಯವಾಗದು. ಆ ನಗರದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರು ದೂರದಲ್ಲಿ, ಬೆಟ್ಟಗಳ ನಡುವಣ ಎತ್ತರದ ಬಯಲಿನಲ್ಲಿ, ಬತ್ತದ ಸೀಮೆಯೊಳಗೆ ಸೈಜೋ ಎಂಬ ಊರುಂಟು. ರೈಲಿನಿಂದಿಳಿದು ಸ್ವಲ್ಪ ದೂರ ನಡೆದರೆ ಸುಣ್ಣದ ಬಿಳಿಯ ಗೋಡೆಗಳೂ, ಕೆಂಪು ಹಂಚಿನ ಮಾಡುಗಳೂ, ಅವುಗಳ ಮೇಲೆ ತಲೆಯೆತ್ತಿ ನಿಂತ ಇಟ್ಟಿಗೆಯ ಹೊಗೆಗೊಳವೆಗಳೂ ಕಾಣುತ್ತವೆ. ಒಂದೇ ಬೀದಿಯ ಆಸುಪಾಸಿನಲ್ಲಿ ಏಳು ಸಾಕೆ ಮನೆಗಳು. ಸಾಕೆಯೆಂದರೆ ಅಕ್ಕಿಯಿಂದಾಗುವ ಜಪಾನೀಯರ ಮದ್ಯ.

ಮದ್ಯವೆಂಬ ಮಾತು ಬಂದೊಡನೆ ಶ್ರೋತೃಗಳಲ್ಲಿ ಕೆಲವರು ಹುಬ್ಬು ಗಂಟಿಕ್ಕಿರಬಹುದು. ನಾನು ಕುಡಿತದ ಪಕ್ಷದ ವಕೀಲನಲ್ಲ. ನನ್ನ ಮನೆಯಲ್ಲಿ ಕಾಫಿಗಿಂತ ಕಟುವಾದ ಪಾನೀಯವಿಲ್ಲ. ಆದರೆ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಹೇಳುವವನಾದುದರಿಂದ, ಓದುಬರಹದ ಶಾಸ್ತ್ರ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಕೈಯಿಂದ ಕೈಗೆ ಬಂದ ಒಂದು ಸೂಕ್ಷ್ಮ ವಿದ್ಯೆಯನ್ನು ಕಂಡಾಗ ಸುಮ್ಮನಿರಲಾರೆ.

ಆ ಸೂಕ್ಷ್ಮವೇನೆಂಬುದನ್ನು ಮೊದಲು ಹೇಳುತ್ತೇನೆ. ದ್ರಾಕ್ಷಿಯಲ್ಲಿ ಸಕ್ಕರೆ ತಾನಾಗಿಯೇ ಇದೆ. ಯೀಸ್ಟೆಂಬ ಸೂಕ್ಷ್ಮಜೀವಿ ಅದನ್ನು ತಿಂದು ಆಲ್ಕೊಹಾಲಾಗಿ ಮಾರ್ಪಡಿಸುತ್ತದೆ. ಅಕ್ಕಿಯಲ್ಲಿರುವುದಾದರೋ ಪಿಷ್ಟ. ಪಿಷ್ಟವನ್ನು ಯೀಸ್ಟ್ ಮುಟ್ಟಲಾರದು. ಮೊದಲು ಯಾರಾದರೂ ಅದನ್ನು ಸಕ್ಕರೆ ಮಾಡಿಕೊಡಬೇಕು. ಜಪಾನೀಯರು ಆ ಕೆಲಸವನ್ನು ಒಂದು ಬೂಷ್ಟಿಗೆ ಒಪ್ಪಿಸಿದರು. ಹಬೆಯಲ್ಲಿ ಬೇಯಿಸಿದ ಅಕ್ಕಿಯ ಮೇಲೆ ಅದರ ಬೀಜದ ಪುಡಿಯನ್ನು ಉದುರಿಸಿ, ಬೆಚ್ಚನೆಯ ಕೋಣೆಯಲ್ಲಿ ಸುಮಾರು ಎರಡು ದಿನ ಹಸುಗೂಸಿನಂತೆ ನೋಡಿಕೊಳ್ಳುತ್ತಾರೆ. ನಡುರಾತ್ರಿಯಲ್ಲೆದ್ದು ಅಕ್ಕಿಯನ್ನು ಕೆದಕಿ ಹರಡುತ್ತಾರೆ. ಬಿಳಿಯ ನವಿರು ಹಿಡಿದ ಆ ಅಕ್ಕಿಗೆ ಕೋಜಿ ಎಂದು ಹೆಸರು. ಅನಂತರ ಕೋಜಿ, ಬೆಂದ ಅಕ್ಕಿ, ನೀರು ಈ ಮೂರನ್ನೂ ತೊಟ್ಟಿಗೆ ಒಮ್ಮೆಗೇ ಸುರಿಯುವುದಿಲ್ಲ. ನಾಲ್ಕು ದಿನಗಳಲ್ಲಿ ಮೂರು ಸಲ, ಸಲಸಲಕ್ಕೂ ಹೆಚ್ಚಿಸುತ್ತ ಹಾಕುತ್ತಾರೆ. ತೊಟ್ಟಿಯೊಳಗೆ ಒಂದು ಕಡೆ ಬೂಷ್ಟಿನ ಕಿಣ್ವವು ಪಿಷ್ಟವನ್ನು ಸಕ್ಕರೆ ಮಾಡುತ್ತಿರುವಾಗಲೇ ಮತ್ತೊಂದು ಕಡೆ ಯೀಸ್ಟು ಆ ಸಕ್ಕರೆಯನ್ನು ಮುಗಿಸುತ್ತಿರುತ್ತದೆ. ಸಕ್ಕರೆ ಎಂದೂ ರಾಶಿಬೀಳುವುದಿಲ್ಲವಾದುದರಿಂದ ಯೀಸ್ಟು ದಣಿಯದೆ ದುಡಿಯುತ್ತದೆ. ಭಟ್ಟಿಯಿಳಿಸದೆಯೇ ಆಲ್ಕೊಹಾಲು ನೂರಕ್ಕೆ 20ರ ಸಮೀಪಕ್ಕೆ ಏರುತ್ತದೆ. ಎರಡು ಕೆಲಸಗಳೂ ಒಂದೇ ಪಾತ್ರೆಯಲ್ಲಿ, ಒಂದೇ ಕಾಲದಲ್ಲಿ! ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಹೀಗೆ ಮಾಡಹೊರಟರೆ ನಾನು ಬೇಡವೆಂದೇ ಹೇಳಿಯೇನು.

ಇಷ್ಟು ಸೂಕ್ಷ್ಮವಾದ ಕೆಲಸದಲ್ಲಿ ನೀರಿನ ಪಾತ್ರ ದೊಡ್ಡದು. ಕೋಬೆ ನಗರದ ಬಳಿಯ ನಾದಾ ಎಂಬ ಪ್ರದೇಶದಲ್ಲಿ ಮಿಯಮಿಜು ಎಂಬ ಗಡಸು ನೀರಿನ ಬಾವಿಗಳುಂಟು. ಅದರಲ್ಲಿರುವ ಲವಣಗಳು ಯೀಸ್ಟಿಗೆ ಪುಷ್ಟಿ. ಕಬ್ಬಿಣವೋ ಬಹಳ ಕಡಮೆ, ಅದೂ ಒಳ್ಳೆಯದೇ, ಏಕೆಂದರೆ ಕಬ್ಬಿಣವು ಸಾಕೆಯ ಬಣ್ಣವನ್ನು ಕೆಡಿಸುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಾದಾದ ಸಾಕೆಗೆ ಎದುರಿರಲಿಲ್ಲ. ಹಿರೋಷಿಮಾ ಸೀಮೆಯ ನೀರು ಬಹುಮಟ್ಟಿಗೆ ಮೆದು. ಅದರಲ್ಲಿ ಯೀಸ್ಟು ನಿಧಾನವಾಗಿ ಏಳುತ್ತದೆ. ಅಷ್ಟರಲ್ಲಿ ಬೇಡದ ಜೀವಾಣುಗಳು ಹೊಕ್ಕು ತೊಟ್ಟಿಯೆಲ್ಲ ಕೆಡುತ್ತದೆ. ಕೆಟ್ಟದ್ದು ಒಂದು ತೊಟ್ಟಿ ಮಾತ್ರವೆ? ವರ್ಷದ ಅಕ್ಕಿ, ಸಾಲದ ಹಣ, ಆಳುಕಾಳುಗಳ ಕೂಲಿ, ಎಲ್ಲವೂ ಕೆಟ್ಟಂತೆಯೇ.

ಸೈಜೋದ ದಕ್ಷಿಣಕ್ಕೆ ಕಡಲಂಚಿನಲ್ಲಿರುವ ಅಕಿತ್ಸು ಎಂಬ ಊರಿನಲ್ಲಿ ಈ ನಷ್ಟವನ್ನು ಅನುಭವಿಸಿದವರಲ್ಲಿ ಒಬ್ಬರು ಮಿಯುರಾ ಸೆಂಜಬುರೊ. 1847ರಲ್ಲಿ ಹುಟ್ಟಿದ ಇವರು 1876ರಲ್ಲಿ ಸಾಕೆಯ ಕಸಬಿಗೆ ಕೈಹಾಕಿದರು. ವರ್ಷ ವರ್ಷವೂ ಸಾಕೆ ಕೆಟ್ಟಿತು. ಮನೆಯನ್ನು ಸೋಸಿ ತೊಳೆಸಿದರು. ನಾದಾಕ್ಕೆ ಹೋಗಿ ಅಲ್ಲಿನ ಪದ್ಧತಿಯನ್ನು ಕಲಿತು ಬಂದು ಅದರಂತೆಯೇ ಮಾಡಿದರು. ಆದರೂ ಫಲ ಅಷ್ಟಕ್ಕಷ್ಟೆ. ಪದ್ಧತಿಯಲ್ಲಿ ದೋಷವಿಲ್ಲ, ಅದು ಬೇರೆಯ ನೀರಿಗೆ ಹೊಂದಿದ ಪದ್ಧತಿ ಎಂಬುದು ಹೊಳೆದದ್ದು ಬಹಳ ಕಾಲದ ಮೇಲೆ. ನೀರನ್ನು ಬದಲಾಯಿಸುವುದು ಸಾಧ್ಯವಿರಲಿಲ್ಲ. ಆದುದರಿಂದ ಅವರು ಕೆಲಸವನ್ನು ನೀರಿಗೆ ತಕ್ಕಂತೆ ಬದಲಾಯಿಸಿದರು. ಬೂಷ್ಟಿನ ಬೇರು ಅಕ್ಕಿಯ ಕಾಳಿನ ಒಡಲಿಗಿಳಿಯುವಂತೆ ಕೋಜಿಯನ್ನು ಬಲವಾಗಿ ಬೆಳೆಸಿದರು. ತೊಟ್ಟಿಯನ್ನು ತಂಪಾಗಿಟ್ಟು, ಉಷ್ಣಮಾಪಕವನ್ನು ನೋಡಿಕೊಂಡು, ಹುದುಗನ್ನು ಮೆಲ್ಲಮೆಲ್ಲಗೆ ನಡೆಸಿದರು. ನೂರು ಪರೀಕ್ಷೆ, ಸಾವಿರ ತಿದ್ದುಪಡಿ, ಇದು ಅವರ ನಿಯಮ. ಯಾವುದನ್ನು ಜನ ನೀರಿನ ಬಡತನವೆಂದಿದ್ದರೋ ಅದರಿಂದಲೇ ನಯವಾದ, ಪರಿಮಳವುಳ್ಳ ಸಾಕೆ ಹುಟ್ಟಿತು.

ನನಗೆ ಇದಕ್ಕಿಂತ ದೊಡ್ಡದೆಂದು ತೋರುವುದು ಅವರು ಮುಂದೆ ಮಾಡಿದ ಕೆಲಸ. ಕಸಬಿನ ಗುಟ್ಟನ್ನು ಮಗನಿಗಲ್ಲದೆ ಹೇಳದಿರುವುದು ನಮ್ಮಲ್ಲಿಯೂ ಇದ್ದ ವಾಡಿಕೆಯೇ. ಎಷ್ಟೋ ವಿದ್ಯೆಗಳು ಹಾಗೆ ಚಿತೆಯೇರಿದುವು. ಮಿಯುರಾ ತಮ್ಮ ವಿಧಾನವನ್ನೆಲ್ಲ ಬರೆದು 1898ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಎದುರಾಳಿಗಳಾದ ನೆರೆಹೊರೆಯ ಸಾಕೆಗಾರರಿಗೂ ಕಲಿಸಿದರು. ಸಾಕೆ ಮನೆಯ ಮೇಸ್ತ್ರಿಗೆ ತೋಜಿ ಎಂದು ಹೆಸರು. ಚಳಿಗಾಲದಲ್ಲಿ ಊರುಬಿಟ್ಟು ಹೋಗಿ ಸಾಕೆ ಮಾಡಿ ಬರುವ ಅಕಿತ್ಸುವಿನ ತೋಜಿಗಳು ಈ ವಿದ್ಯೆಯನ್ನು ಸೀಮೆಯೆಲ್ಲಕ್ಕೂ ಒಯ್ದರು. 1907ರಲ್ಲಿ ಜಪಾನಿನ ಮೊದಲನೆಯ ರಾಷ್ಟ್ರೀಯ ಸಾಕೆ ಸ್ಪರ್ಧೆ ನಡೆದಾಗ ಹಿರೋಷಿಮಾದ ಸಾಕೆಗಳೇ ಮೇಲಿನ ಬಹುಮಾನಗಳನ್ನು ಗಳಿಸಿದುವು. ಮರುವರ್ಷ ಮಿಯುರಾ ತೀರಿಕೊಂಡರು. ಅಷ್ಟನ್ನಾದರೂ ಕಂಡು ಹೋದರು.

ಸೈಜೋ ಊರಿನ ಕೊಡುಗೆ ಬೇರೊಂದು ಬಗೆಯದು. ಸಾಕೆಗೆ ಅಕ್ಕಿಯನ್ನು ಬಹಳವಾಗಿ ತಳಿಸಬೇಕು. ಕಾಳಿನ ಹೊರಮೈಯಲ್ಲಿರುವ ಕೊಬ್ಬೂ ಸಸಾರಜನಕವೂ ಊಟಕ್ಕೆ ಹಿತ, ಸಾಕೆಗೆ ಅಹಿತ. 1896ರಲ್ಲಿ ಇಲ್ಲಿಯ ಸತಾಕೆ ರಿಇಚಿ ಎಂಬವರು ಯಂತ್ರಬಲದಿಂದ ಅಕ್ಕಿ ತಳಿಸುವ ಸಾಧನವನ್ನು ನಿರ್ಮಿಸಿದರು. ಇಂದು ದಾಯ್‌ಗಿಂಜೋ ಎಂಬ ಮೇಲ್ತರಗತಿಯ ಸಾಕೆಗೆ ಕಾಳಿನ ಅರ್ಧವನ್ನೋ ಅದಕ್ಕಿಂತ ಹೆಚ್ಚನ್ನೋ ಪುಡಿಯಾಗಿ ತೆಗೆದುಹಾಕುತ್ತಾರೆ. ಹಸಿದ ದೇಶದವನಾದ ನನಗೆ ಇದನ್ನು ಓದಿದಾಗ ಒಂದು ಕ್ಷಣ ಕಸಿವಿಸಿಯಾಯಿತು; ಆ ಪುಡಿಯನ್ನು ತಿಂಡಿಗೂ ದನದ ಮೇವಿಗೂ ಬಳಸುವರೆಂದು ತಿಳಿದ ಮೇಲೆ ಸಮಾಧಾನವಾಯಿತು.

ಮಹಾಯುದ್ಧದ ಕಾಲದಲ್ಲಿಯೂ ಅದರ ಬಳಿಕವೂ ಅಕ್ಕಿಯ ಅಭಾವವುಂಟಾಯಿತು. ಆಗ ಬೇರೆ ಕಡೆ ತಯಾರಾದ ಆಲ್ಕೊಹಾಲನ್ನೂ ಸಕ್ಕರೆಯನ್ನೂ ಬೆರಸಿ ಒಂದು ಪಾಲು ಸಾಕೆಯನ್ನು ಮೂರು ಪಾಲಾಗಿ ಹಿಗ್ಗಿಸುವ ಪದ್ಧತಿ ಬಂತು. ಅಭಾವ ನೀಗಿದ ಮೇಲೂ ಅದು ಹೋಗಲಿಲ್ಲ. ಲಾಭದ ರುಚಿ ಹತ್ತಿದ್ದಿತು. ಅಂಥದನ್ನು ಸಾಕೆಯೆಂದು ಕರೆಯಕೂಡದೆಂದು ಕಾನೂನು ಬಿಗಿಯಾದದ್ದು 2006ರಲ್ಲಿ. ಸೈಜೋದ ಕಾಮೊಇಜುಮಿ ಮನೆಯವರು 1970ರ ದಶಕದಲ್ಲಿಯೇ ಬರಿಯ ಅಕ್ಕಿ, ಕೋಜಿ, ನೀರುಗಳ ಹಳೆಯ ಸಾಕೆಗೆ ಮರಳಿದ್ದರು.

ಆದರೆ ಅದೇ ದಶಕದಿಂದ ಜಪಾನೀಯರು ಸಾಕೆ ಕುಡಿಯುವುದೇ ಇಳಿಯತೊಡಗಿತು. ಈಗ ಅಂದಿನ ಕಾಲು ಭಾಗದಷ್ಟೂ ಖರ್ಚಾಗುವುದಿಲ್ಲ. ಚಳಿಗಾಲಕ್ಕೆ ಊರುಬಿಟ್ಟು ದುಡಿಯಲು ಬರುವ ಬೇಸಾಯಗಾರರೂ ಬೆಸ್ತರೂ ಅಪರೂಪವಾಗಿದ್ದಾರೆ. ಗದ್ದೆಗಳಲ್ಲಿ ಕೆಲಸ ಮಾಡುವವರು ಮುದುಕರು. ಸಾಕೆಗೆ ಬೇಕಾದ ದಪ್ಪ ಕಾಳಿನ ಬತ್ತ ಪೈರಿನಲ್ಲಿ ಎತ್ತರ, ಗಾಳಿಗೆ ಬೇಗ ಬೀಳುವಂಥದು. ಊಟದ ಅಕ್ಕಿಗೆ ಬೆಲೆ ಏರಿದರೆ ರೈತ ಅದರ ಕಡೆಗೇ ತಿರುಗುತ್ತಾನೆ. ಅವನನ್ನು ದೂರುವಂತಿಲ್ಲ. 2024ರ ಡಿಸೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ಕೋಜಿಯಿಂದ ಸಾಕೆ ಮಾಡುವ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವ ದೊಡ್ಡದೇ, ಆದರೆ ಪಟ್ಟಿ ನಾಟಿಗೆ ಆಳನ್ನು ಕಳುಹಿಸುವುದಿಲ್ಲ.

ಸೈಜೋದವರು ಈ ಸಂಗತಿಯನ್ನು ಅರಿಯದವರಲ್ಲ. ಊರಿನ ಉತ್ತರಕ್ಕೆ ರ್ಯೂಓ ಎಂಬ ಬೆಟ್ಟವಿದೆ. ಬಾವಿಗಳಿಗೆ ನೀರು ಇಳಿದುಬರುವುದು ಅಲ್ಲಿಂದಲೇ. ಸಾಕೆ ಮನೆಗಳವರು ಮಾರಾಟದ ಹಣದಲ್ಲಿ ಒಂದು ಪಾಲನ್ನು ಅದರ ಕಾಡಿನ ಆರೈಕೆಗೆಂದು ಕೊಡುತ್ತಾರೆ. ಕೆಲವು ಮನೆಗಳ ಬಾವಿಯ ನೀರು ಬೀದಿಯ ಕಡೆಗೆ ತೆರೆದಿದೆ. ಸಾಕೆಯನ್ನು ಎಂದೂ ಮುಟ್ಟದವರೂ ಬೆಳಗ್ಗೆ ಸೀಸೆಗಳನ್ನು ಹಿಡಿದು ಬಂದು, ಅನ್ನಕ್ಕೂ ಚಹಕ್ಕೂ ಎಂದು ಆ ನೀರನ್ನು ತುಂಬಿಕೊಂಡು ಮನೆಗೆ ಹೋಗುತ್ತಾರೆ.