ಅಳತೆಪಟ್ಟಿ ಮುಟ್ಟದ ಪೀಪಾಯಿ ಬಡಗಿ

ಮಕ್ಕಳೇ, ಕಂಪಾಸು ಪೆಟ್ಟಿಗೆಯಿಂದ ಕೈವಾರ ತೆಗೆದು ಒಂದು ವೃತ್ತ ಬರೆಯಿರಿ. ಕೈವಾರವನ್ನು ಅಗಲಿಸದೆ, ಕಿರಿದು ಮಾಡದೆ ಆ ಗೆರೆಯ ಮೇಲೇ ಹೆಜ್ಜೆ ಹಾಕಿಸುತ್ತ ಹೋಗಿ. ಸರಿಯಾಗಿ ಆರನೆಯ ಹೆಜ್ಜೆಗೆ ಅದು ಹೊರಟ ಚುಕ್ಕೆಗೇ ಬಂದು ನಿಲ್ಲುತ್ತದೆ. ಇಂಗ್ಲೆಂಡ್, ಐರ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ಮರದ ಪೀಪಾಯಿ ಮಾಡುವ ಬಡಗಿಗಳಿಗೆ ಈ ಆರು ಹೆಜ್ಜೆಯೇ ದೊಡ್ಡ ಲೆಕ್ಕ. ಅವರನ್ನು ಅಲ್ಲಿ ಕೂಪರ್ ಎನ್ನುತ್ತಾರೆ. ಆ ಅಡ್ಡಹೆಸರು ಈ ಕಸುಬಿನಿಂದಲೇ ಬಂದದ್ದು. ನಮ್ಮ 'ಪೀಪಾಯಿ' ಎಂಬ ಮಾತು ಪೋರ್ಚುಗೀಸರು ತಂದ 'ಪೀಪ'.

ಪ್ಲಾಸ್ಟಿಕ್ ಡ್ರಮ್ಮು ಬರುವ ಮುಂಚೆ ಅಲ್ಲಿ ಬಿಯರ್, ವೈನ್ ಮಾತ್ರವಲ್ಲ, ಉಪ್ಪುಮೀನು, ಬೆಣ್ಣೆ, ಹಿಟ್ಟು, ಮೊಳೆ ಎಲ್ಲವೂ ಪೀಪಾಯಿಯಲ್ಲೇ ಸಾಗುತ್ತಿದ್ದವು. ಅದರ ಹೊಟ್ಟೆ ಉಬ್ಬಿರುವುದು ಅಂದಕ್ಕಲ್ಲ. ಮಲಗಿಸಿದಾಗ ನಡುಭಾಗವಷ್ಟೇ ನೆಲಕ್ಕೆ ತಾಗುವುದರಿಂದ ಒಬ್ಬನೇ ಆಳು ಉರುಳಿಸಿಕೊಂಡು ಹೋಗಿ ಬೇಕಾದತ್ತ ತಿರುಗಿಸಬಹುದು.

ಆದರೆ ಆ ಹೊಟ್ಟೆಯಿಂದಲೇ ಬಡಗಿಗೆ ಫಜೀತಿ. ಓಕ್ ಮರದ ಪ್ರತಿ ಹಲಗೆಯೂ ನಡುವೆ ಅಗಲ, ತುದಿಗಳಲ್ಲಿ ಕಿರಿದು ಇರಬೇಕು, ಅಂಚು ಓರೆಯಾಗಿರಬೇಕು. ಮೊದಲು ಅಗಲ ಬಾಯಿಯ ಕೊಡಲಿಯಲ್ಲಿ ಆಕಾರ ಕೊಡುತ್ತಾನೆ. ಆಮೇಲೆ ಎರಡು ಕಡೆ ಹಿಡಿ ಇರುವ ಕತ್ತಿಯನ್ನು ತನ್ನತ್ತ ಎಳೆದೆಳೆದು ಹೊರಮೈ ದುಂಡಗೆ ಮಾಡುತ್ತಾನೆ. ಒಳಮೈ ತೋಡಲು ಬಾಗಿದ ಅಲಗಿನ ಇನ್ನೊಂದು ಕತ್ತಿ.

ಅಂಚು ಕೆತ್ತುವ ಉಜ್ಜುಗೊರಡು ನೋಡಿದರೆ ನಮ್ಮ ಬಡಗಿಗಳು ನಕ್ಕಾರು! ಆರಡಿಯಷ್ಟು ಉದ್ದ, ಒಂದು ತುದಿಗೆ ಕಾಲು, ಅಲಗು ಮೇಲ್ಮುಖ. ಗೊರಡು ಕದಲುವುದಿಲ್ಲ, ಹಲಗೆಯನ್ನೇ ಅದರ ಮೇಲೆ ತಳ್ಳಬೇಕು. ಓರೆ ಎಷ್ಟು ಎಂಬುದಕ್ಕೆ ಕಣ್ಣೇ ಅಳತೆಗೋಲು.

ಹಲಗೆಗಳನ್ನು ಒಂದು ಬಳೆಯೊಳಗೆ ಸುತ್ತಲೂ ನಿಲ್ಲಿಸಿದಾಗ ಕೆಳಭಾಗ ಲಂಗದಂತೆ ಅಗಲಿಸಿಕೊಂಡಿರುತ್ತದೆ. ನಡುವೆ ಕಬ್ಬಿಣದ ಬುಟ್ಟಿಯಲ್ಲಿ ಮರದ ಹೊಟ್ಟು ಉರಿಸಿ, ಹಲಗೆಗೆ ನೀರು ತಾಗಿಸುತ್ತ ಕಾಯಿಸಿದರೆ ಓಕ್ ಮೆತ್ತಗಾಗುತ್ತದೆ. ಆಗ ಸುತ್ತಿಗೆಯಿಂದ ಬಳೆ ಬಡಿದು ಇಳಿಸಿ ಬಾಗಿಸುತ್ತಾರೆ. ಗಾಡಿಯ ಚಕ್ರಕ್ಕೆ ಕೆಂಪಗೆ ಕಾಯಿಸಿದ ಪಟ್ಟಿ ಹಾಕಿ ನೀರು ಹೊಯ್ಯುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿದ್ದೀತು. ಅಲ್ಲಿ ಕಾಯುತ್ತಿದ್ದದ್ದು ಕಬ್ಬಿಣ, ಇಲ್ಲಿ ಮರ.

ಇನ್ನು ಮುಚ್ಚಳ. ಹಲಗೆಗಳ ಒಳಬದಿಯಲ್ಲಿ, ಬಾಯಿಯ ಹತ್ತಿರ, ಕ್ರೋಜ್ ಎಂಬ ಉಪಕರಣದಿಂದ ಸುತ್ತಲೂ ಒಂದು ಗಾಡಿ ಕೊರೆಯುತ್ತಾರೆ. ಆ ಗಾಡಿಯಲ್ಲಿ ಕೈವಾರ ಆರು ಹೆಜ್ಜೆ ಇಡಬೇಕು. ಕೊನೆಯ ಹೆಜ್ಜೆ ಮುಂದೆ ಹೋದರೆ ಕೈವಾರವನ್ನು ಕೂದಲೆಳೆಯಷ್ಟು ಕಿರಿದು ಮಾಡಿ ಮತ್ತೆ ನಡೆಸಬೇಕು. ಚುಕ್ಕೆಗೆ ಚುಕ್ಕೆ ಕೂಡಿದಾಗ ಕೈವಾರದ ಅಗಲವೇ ಮುಚ್ಚಳದ ತ್ರಿಜ್ಯ. ಅಂಟಿಲ್ಲ, ಸಂದಿಗೆ ಒಣಗಿದ ಜೊಂಡುಹುಲ್ಲು. ನೀರು ಕುಡಿದ ಮರ ಉಬ್ಬಿ ತಾನೇ ಬಿಗಿಯುತ್ತದೆ. ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಲೆಡ್ಜರ್ ತಿರುವಿದ ನನಗೆ, ಒಂದು ಹನಿಯೂ ಸೋರದಂತೆ ಕೂರಿಸುವ ಇವರ ಕೈಯ ಮೇಲೆ ಹೊಟ್ಟೆಕಿಚ್ಚೇ ಬಂತು. ಅಳತೆಪಟ್ಟಿ ಇಲ್ಲದೆ ಮಾಡಿದ ಬ್ರಿಟಿಷ್ ಬಿಯರ್ ಬ್ಯಾರೆಲ್ 36 ಗ್ಯಾಲನ್, ಅಂದರೆ ಸುಮಾರು 164 ಲೀಟರು ಹಿಡಿಯಬೇಕಿತ್ತು.

ಎರಡನೆಯ ಮಹಾಯುದ್ಧದ ನಂತರ ಲೋಹದ ಪೀಪಾಯಿಗಳು ಬಂದವು. ಡಬ್ಲಿನ್ನಿನ ಗಿನ್ನಿಸ್ ಕಾರ್ಖಾನೆ ಒಂದರಲ್ಲೇ ನೂರಾರು ಕೂಪರುಗಳಿದ್ದರು. 1960ರ ದಶಕದಲ್ಲಿ ಅಲ್ಲಿ ಮರದ ಪೀಪಾಯಿ ನಿಂತಿತು. ತಂದೆಯಿಂದ ಮಗನಿಗೆ ಬಂದ ಕತ್ತಿ, ಕ್ರೋಜ್‌ಗಳು ಈಗ ಹೆಚ್ಚಾಗಿ ವಸ್ತುಸಂಗ್ರಹಾಲಯದ ಗೋಡೆಯ ಮೇಲಿವೆ.

ಪೂರ್ತಿ ನಿಂತಿಲ್ಲ ಎನ್ನಿ. ಸ್ಕಾಟ್ಲೆಂಡಿನ ಕ್ರೆಗೆಲಕಿ ಊರಿನಲ್ಲಿ 1947ರಲ್ಲಿ ಶುರುವಾದ ಸ್ಪೇಸೈಡ್ ಕೂಪರೇಜ್‌ನಲ್ಲಿ, ಯಂತ್ರಗಳ ನಡುವೆಯೂ ಸುತ್ತಿಗೆಯ ಸದ್ದು ಕೇಳುತ್ತದೆ. ಪ್ರವಾಸಿಗರು ಮೇಲಿನಿಂದ ನಿಂತು ನೋಡಬಹುದು. ಕಲಿಕೆಗೆ ನಾಲ್ಕು ವರ್ಷ. ಮುಗಿದ ದಿನ ಹುಡುಗನಿಗೆ ಹಾರ, ಶಾಲು ಏನೂ ಇಲ್ಲ. ಕೂಪರುಗಳ ಹಳೆಯ ಪದ್ಧತಿಯಂತೆ ಅವನನ್ನು ಪೀಪಾಯಿಯೊಳಗೆ ಹಾಕಿ, ಮೇಲಿಂದ ಮಸಿ, ಮರದ ಹೊಟ್ಟು ಸುರಿದು, ಎಲ್ಲರೂ ಸೇರಿ ಅಂಗಳದ ತುಂಬ ಉರುಳಿಸುತ್ತಾರೆ. ಹೊರಗೆ ಬಂದಾಗ ಹೆತ್ತ ತಾಯಿಗೂ ಗುರುತು ಸಿಗಲಿಕ್ಕಿಲ್ಲ!