ದಂತಿ: ಹೆಸರನ್ನಲ್ಲ, ಗಿಡವನ್ನು ಅರಿಯಿರಿ



ಮಲಬದ್ಧತೆ, ಮೂಲವ್ಯಾಧಿ, ಉದರರೋಗಗಳಲ್ಲಿ ವೈದ್ಯರು ಕೊಡುವ ಅಭಯಾರಿಷ್ಟ, ದಂತೀಹರೀತಕಿ ಮೊದಲಾದ ಔಷಧಗಳಲ್ಲಿ ದಂತಿಯ ಬೇರು ಸೇರಿರುತ್ತದೆ. ಚರಕಸಂಹಿತೆಯ ಕಲ್ಪಸ್ಥಾನದ 12ನೆಯ ಅಧ್ಯಾಯವು ದಂತಿ ಮತ್ತು ದ್ರವಂತಿಗಳಿಗೇ ಮೀಸಲಾಗಿದೆ. ಈ ದಂತಿಗೆ ನಮ್ಮಲ್ಲಿ ಕಾಡುಹರಳು ಎಂಬ ಹೆಸರೂ ಉಂಟು. ಬೇಲಿಯಲ್ಲಿ ಬೆಳೆಯುವ ಜತ್ರೋಫಾ ಗಿಡವನ್ನೂ ಜನರು ಕಾಡುಹರಳೆಂದೇ ಕರೆಯುತ್ತಾರೆ. ಅಪಾಯವಿರುವುದು ಇಲ್ಲಿಯೇ.

ದಂತಿಯು ಹರಳಿನ ಕುಟುಂಬಕ್ಕೆ ಸೇರಿದ ಪೊದೆಗಿಡ. ಸಾಮಾನ್ಯವಾಗಿ ಆಳೆತ್ತರವನ್ನು ಮೀರದು. ಬುಡದಿಂದಲೇ ಹಲವು ಕವಲುಗಳು ಏಳುತ್ತವೆ. ಕಾಡಿನ ನೆರಳು ಅದಕ್ಕೆ ಪ್ರಿಯ. ಒಂದೇ ಗಿಡದಲ್ಲಿ ಎರಡು ಬಗೆಯ ಎಲೆಗಳಿರುವುದು ಮುಖ್ಯ ಗುರುತು: ಕೆಳಗಿನವು ಅಗಲವಾಗಿದ್ದು ಹಲವೊಮ್ಮೆ ಮೂರರಿಂದ ಐದು ಹಾಲೆಗಳಾಗಿ ಸೀಳಿರುತ್ತವೆ, ಮೇಲಿನವು ಚಿಕ್ಕವು, ಭರ್ಜಿಯ ಮೊನೆಯಂತೆ ಕಿರಿದಾದವು. ಅಂಚು ಹಲ್ಲುಹಲ್ಲಾಗಿರುತ್ತದೆ. ಹೂಗಳು ಹಸಿರುಮಿಶ್ರಿತ ಹಳದಿ, ಬಹಳ ಸಣ್ಣವು. ಕಾಯಿಗೆ ಮೂರು ಉಬ್ಬುಗಳಿದ್ದು, ಒಳಗೆ ಹರಳುಬೀಜವನ್ನು ಹೋಲುವ ಮೂರು ಬೀಜಗಳಿರುತ್ತವೆ.

ಹಿರಿಯರು ಇಟ್ಟ ಸಂಸ್ಕೃತನಾಮಗಳೂ ಈ ಗುರುತುಗಳನ್ನೇ ಹೇಳುತ್ತವೆ. ಎಲೆ ಅತ್ತಿಯ ಎಲೆಯಂತಿರುವುದರಿಂದ ಉದುಂಬರಪರ್ಣೀ. ಕಾಯಿ ಹರಳುಕಾಯಿಯಂತಿರುವುದರಿಂದ ಏರಂಡಫಲಾ. ಬೇರು ಆನೆಯ ದಂತದಂತೆ ದಪ್ಪವಾಗಿರಬೇಕೆಂದು ಚರಕಾಚಾರ್ಯರು ವಿಧಿಸಿದ್ದಾರೆ.

ಇನ್ನು ಬೇಲಿಯ ಜತ್ರೋಫಾ. ಇದು ದಂತಿಗಿಂತ ಎತ್ತರ. ಎಲೆ ಹೃದಯಾಕಾರ, ಕಾಯಿ ದುಂಡಗೆ, ಮಾಗಿದಾಗ ಹಳದಿ. ಬೀಜ ಕಪ್ಪು, ಸುಮಾರು 2 ಸೆಂ.ಮೀ. ಉದ್ದ. ಇದರದೇ ಜಾತಿಯ ಮತ್ತೊಂದು ಕುಳ್ಳ ಗಿಡ ರಸ್ತೆಬದಿಯಲ್ಲಿ ಕಾಣುತ್ತದೆ. ಅದರ ಎಳೆಯ ಎಲೆ ಕೆನ್ನೇರಳೆ, ಹೂ ಕೆಂಪು. ಎಲೆಯ ಅಂಚಿನ ರೋಮಗಳು ಮುಟ್ಟಿದರೆ ಅಂಟುತ್ತವೆ. ಇವೆರಡೂ ದಂತಿಯಲ್ಲ. ದಂತೀಬೀಜವೆಂಬ ಹೆಸರು ಜಾಪಾಳದ ಬೀಜಕ್ಕೂ ಸಲ್ಲುತ್ತದೆ. ಅದು ಬೇರೆಯೇ ಮರದ್ದು, ಅತ್ಯುಗ್ರ ವಿರೇಚಕ.

ಸರಿಯಾದ ಗಿಡವೇ ದೊರೆತರೂ ಹಸಿ ಬೇರನ್ನು ಅರೆದು ಕುಡಿಯಲಾಗದು. ದಂತಿ ತೀಕ್ಷ್ಣ, ಉಷ್ಣ, ಆಶುಕಾರಿ. ಬೇರಿಗೆ ಹಿಪ್ಪಲಿ, ಜೇನು ಲೇಪಿಸಿ, ದರ್ಭೆಯಲ್ಲಿ ಸುತ್ತಿ, ಮಣ್ಣು ಮೆತ್ತಿ, ಸ್ವೇದನಗೊಳಿಸಿ, ಬಿಸಿಲಿನಲ್ಲಿ ಒಣಗಿಸಿದ ಬಳಿಕವೇ ಅದು ಔಷಧವಾಗುತ್ತದೆ. ಗರ್ಭಿಣಿಯರಿಗೆ, ಮಕ್ಕಳಿಗೆ, ವೃದ್ಧರಿಗೆ, ದುರ್ಬಲರಿಗೆ ಇದನ್ನು ಮನೆಮದ್ದಾಗಿ ಎಂದೂ ಕೊಡಬಾರದು.

ಜತ್ರೋಫಾ ಬೀಜದ ರುಚಿ ಶೇಂಗಾದಂತಿರುವುದರಿಂದ ಮಕ್ಕಳು ಅದನ್ನು ತಿಂದುಬಿಡುವುದುಂಟು. ಆಗ ವಾಂತಿ, ಹೊಟ್ಟೆನೋವು, ಭೇದಿಯಾಗಿ ದೇಹದ ನೀರು ಬರಿದಾಗುತ್ತದೆ. ಮನೆಯಲ್ಲಿ ವಾಂತಿ ಮಾಡಿಸಲು ಯತ್ನಿಸದೆ, ಉಳಿದ ಬೀಜ ಅಥವಾ ಗಿಡದ ಕೊಂಬೆಯೊಂದಿಗೆ ಮಗುವನ್ನು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಬೇರು, ಎಲೆ, ಕಾಯಿ ಮೂರನ್ನೂ ಬಲ್ಲವರಿಗೆ ತೋರಿಸಿ ಖಚಿತಪಡಿಸಿಕೊಳ್ಳದೆ ಯಾವ ಗಿಡವನ್ನೂ ಮದ್ದೆಂದು ಸೇವಿಸದಿರಿ. ನಿಮ್ಮ ಬೇಲಿಯ ಕಾಡುಹರಳು ಯಾವುದೆಂದು ಮಕ್ಕಳಿಗೆ ಇಂದೇ ತೋರಿಸಿ, ಅದರ ಬೀಜ ತಿನ್ನಬಾರದೆಂದು ತಿಳಿಸಿರಿ.