ಸ್ಕೂಟರ್‌ನ ಆಯಿಲ್ ಬೋಲ್ಟ್ ಥ್ರೆಡ್ ಹೋಗಿದೆಯೇ? ಇಂಜಿನ್ ಬಿಚ್ಚಿಸುವ ಮುನ್ನ ಇದನ್ನು ಓದಿ



ಬೆಳಗಿನ ಹಾಲು ಕರೆದು, ಕ್ಯಾನನ್ನು ಸ್ಕೂಟರ್‌ ಮೇಲಿಟ್ಟುಕೊಂಡು ನೀವೇ ಸಂಘಕ್ಕೆ ತರುವುದು ಈಗ ಎಷ್ಟೋ ಹಳ್ಳಿಗಳಲ್ಲಿ ಸಾಮಾನ್ಯ. ಸ್ಕೂಟರ್ ದಾರಿಯಲ್ಲಿ ಕೈಕೊಟ್ಟರೆ ಆ ಹೊತ್ತಿನ ಹಾಲು ಸಮಯಕ್ಕೆ ಸೇರುವುದಿಲ್ಲ, ಬೇಸಿಗೆಯಾದರೆ ಕೆಟ್ಟೇ ಹೋಗುತ್ತದೆ. ಕೊಟ್ಟಿಗೆಗೆ ಬಂದಾಗ "ಡಾಕ್ಟ್ರೇ, ಗಾಡಿ ನಿಲ್ಲಿಸಿದ ಕಡೆ ಎಣ್ಣೆ ತೊಟ್ಟಿಕ್ತದೆ, ಇಂಜಿನ್ನೇ ಬಿಚ್ಚಬೇಕಂತೆ" ಎಂಬ ಮಾತು ನನ್ನ ಕಿವಿಗೂ ಬೀಳುತ್ತದೆ. ಬಹಳ ಸಲ ಅಷ್ಟು ದೊಡ್ಡ ಕೆಲಸ ಬೇಕಾಗಿರುವುದಿಲ್ಲ. ಆಯಿಲ್ ಇಳಿಸುವ ಬೋಲ್ಟ್‌ನ ಥ್ರೆಡ್ ಹೋಗಿರುತ್ತದೆ. ಅದನ್ನು ಸರಿಪಡಿಸಬಹುದು.

ಥ್ರೆಡ್ ಯಾಕೆ ಹೋಗುತ್ತದೆ?

ಬೋಲ್ಟ್ ಉಕ್ಕಿನದು. ಅದು ಕೂರುವ ಇಂಜಿನ್‌ನ ಮೈ ಅಲ್ಯೂಮಿನಿಯಂನದು. ಗಟ್ಟಿಯೂ ಮೆತ್ತಗಿನದೂ ಜಗಳಕ್ಕೆ ನಿಂತರೆ ಸೋಲುವುದು ಮೆತ್ತಗಿನದೇ. ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಬಿಗಿಯುವುದು, ಬೋಲ್ಟನ್ನು ಓರೆಯಾಗಿ ಕೂರಿಸಿ ಸ್ಪ್ಯಾನರ್‌ನಿಂದ ತಿರುಗಿಸುವುದು, ಹಳೆಯ ವಾಷರ್ ಸೋರುತ್ತಿದೆ ಎಂದು ಇನ್ನಷ್ಟು ಬಿಗಿಯುವುದು, ಈ ಮೂರೇ ಮುಖ್ಯ ಕಾರಣಗಳು.

ಕಾರುಗಳಲ್ಲಿ ಸಾಮಾನ್ಯವಾಗಿ ಈ ಬೋಲ್ಟ್ ಇಂಜಿನ್‌ನ ಅಡಿಯ ತಟ್ಟೆಯಲ್ಲಿರುತ್ತದೆ. ತೀರಾ ಹಾಳಾದರೆ ಆ ತಟ್ಟೆಯನ್ನಷ್ಟೇ ಬದಲಿಸಬಹುದು. ಸ್ಕೂಟರ್‌ನಲ್ಲಿ ಬೋಲ್ಟಿನ ತೂತು ಇಂಜಿನ್‌ನ ಮೈಯಲ್ಲೇ ಇರುತ್ತದೆ. ಅದನ್ನು ಬದಲಿಸಲು ಇಡೀ ಇಂಜಿನ್ ಬಿಚ್ಚಬೇಕು. ಆದ್ದರಿಂದಲೇ ಇರುವ ತೂತನ್ನು ಸರಿಪಡಿಸಿಕೊಳ್ಳುವುದು ಲಾಭ.

ತೊಟ್ಟಿಕ್ಕುವುದನ್ನು ಹಗುರವಾಗಿ ಕಾಣಬೇಡಿ

ಸಾಮಾನ್ಯ ಸ್ಕೂಟರ್‌ನ ಇಂಜಿನ್‌ನಲ್ಲಿ ಇರುವ ಆಯಿಲ್ ಒಂದು ಲೀಟರಿಗೂ ಕಡಿಮೆ. ದಿನಾ ಸ್ವಲ್ಪ ಸ್ವಲ್ಪ ಸೋರಿದರೂ ಬೇಗ ಬರಿದಾಗುತ್ತದೆ. ಆಯಿಲ್ ಇಲ್ಲದ ಇಂಜಿನ್ ಬಿಸಿಯಾಗಿ ಸೀಜ್ ಆಗುತ್ತದೆ. ಜೊತೆಗೆ, ಸೋರಿದ ಎಣ್ಣೆ ಹಿಂದಿನ ಚಕ್ರಕ್ಕೆ ತಗುಲಿದರೆ ಕ್ಯಾನಿನ ಭಾರ ಹೊತ್ತ ಗಾಡಿ ತಿರುವಿನಲ್ಲಿ ಜಾರುತ್ತದೆ.

ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ

ಕೆಚ್ಚಲು ಬಾವು ಎಂದ ಕೂಡಲೇ ನಾವು ಇಂಜೆಕ್ಷನ್ ಕೊಡುವುದಿಲ್ಲ, ಮೊದಲು ಹಾಲು ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಬೋಲ್ಟ್ ಬಿಗಿಯಾಗಿ ಕೂರುತ್ತದೆ, ಆದರೂ ಅಂಚಿನಲ್ಲಿ ಎಣ್ಣೆ ಜಿನುಗುತ್ತದೆ ಎಂದರೆ ಹೆಚ್ಚಾಗಿ ವಾಷರ್ ಹಾಳಾಗಿದೆ. ಹೊಸ ವಾಷರ್ ಹಾಕಿದರೆ ಸಾಕು. ಬಿಗಿಯುತ್ತಾ ಹೋದಂತೆ ಬೋಲ್ಟ್ ನಿಲ್ಲದೆ ಸುಮ್ಮನೆ ಸುತ್ತುತ್ತದೆ, ಹೊರತೆಗೆದಾಗ ಅದರ ಥ್ರೆಡ್‌ನಲ್ಲಿ ಬೆಳ್ಳಗೆ ಹೊಳೆಯುವ ಅಲ್ಯೂಮಿನಿಯಂ ಎಳೆಗಳು ಸಿಕ್ಕಿಕೊಂಡಿವೆ ಎಂದರೆ ತೂತಿನ ಥ್ರೆಡ್ ಹೋಗಿದೆ.

ದುರಸ್ತಿಯ ದಾರಿಗಳು

1. ಮೊದಲ ಒಂದೆರಡು ಸುತ್ತು ಮಾತ್ರ ನಜ್ಜಾಗಿದ್ದರೆ ಅದೇ ಅಳತೆಯ ಟ್ಯಾಪ್ ಹಾಕಿ ಥ್ರೆಡ್ ಸರಿಮಾಡಿಸಿ, ಹೊಸ ಬೋಲ್ಟ್, ಹೊಸ ವಾಷರ್ ಹಾಕಿಸಿ.

2. ಓವರ್‌ಸೈಜ್ ಬೋಲ್ಟ್. ಸ್ವಲ್ಪ ದಪ್ಪನೆಯ ಈ ಬೋಲ್ಟ್ ತಾನೇ ಹೊಸ ಥ್ರೆಡ್ ಕೊರೆದುಕೊಂಡು ಒಳಗೆ ಹೋಗುತ್ತದೆ. ಬೇಗ ಆಗುವ ಕೆಲಸ, ಖರ್ಚೂ ಕಡಿಮೆ. ಆದರೆ ಥ್ರೆಡ್ ಮತ್ತೆ ಅದೇ ಮೆತ್ತಗಿನ ಅಲ್ಯೂಮಿನಿಯಂನಲ್ಲೇ ಇರುತ್ತದೆ. ಓರೆಯಾಗಿ ಹೋದರೆ ಇಂಜಿನ್‌ನ ಮೈ ಬಿರುಕು ಬಿಡಬಹುದು. ತುರ್ತಿಗೆ ಸರಿ, ಶಾಶ್ವತ ಪರಿಹಾರವಲ್ಲ.

3. ಉಕ್ಕಿನ ಥ್ರೆಡ್ ಕೂರಿಸುವುದು. ಹಾಳಾದ ತೂತನ್ನು ಅಳತೆಗೆ ತಕ್ಕಂತೆ ಸ್ವಲ್ಪ ದೊಡ್ಡದು ಮಾಡಿ, ಅದಕ್ಕೆ ಹೊಸ ಥ್ರೆಡ್ ಹಾಕಿ, ಒಳಗೆ ಉಕ್ಕಿನ ತಂತಿ ಸುರುಳಿಯನ್ನೋ ಗಟ್ಟಿ ಬುಷ್ಷನ್ನೋ ಕೂರಿಸುತ್ತಾರೆ. ಸುರುಳಿಗೆ ಹೆಲಿಕಾಯಿಲ್ ಎನ್ನುತ್ತಾರೆ. ಆಮೇಲೆ ಹಳೆಯ ಅಳತೆಯ ಬೋಲ್ಟೇ ಹಿಡಿಯುತ್ತದೆ. ಉಕ್ಕಿನೊಳಗೆ ಉಕ್ಕು ತಿರುಗುವುದರಿಂದ ಮೊದಲಿಗಿಂತ ಗಟ್ಟಿ. ಮತ್ತೆ ಮತ್ತೆ ಬಿಚ್ಚುವ ಆಯಿಲ್ ಬೋಲ್ಟ್‌ಗೆ ಇದೇ ಒಳ್ಳೆಯ ದಾರಿ, ಅದರಲ್ಲೂ ಗಟ್ಟಿ ಬುಷ್ ಹೆಚ್ಚು ಬಾಳಿಕೆ ಬರುತ್ತದೆ. ನಿಮ್ಮ ಮೆಕ್ಯಾನಿಕ್ ಹತ್ತಿರ ಇಲ್ಲದಿದ್ದರೆ ಪೇಟೆಯ ಲೇತ್ ಅಂಗಡಿಯಲ್ಲಿ "ಹೆಲಿಕಾಯಿಲ್ ಹಾಕ್ತೀರಾ, ಬುಷ್ ಹಾಕ್ತೀರಾ" ಎಂದು ಹೆಸರು ಹಿಡಿದೇ ಕೇಳಿ. ಇಂಜಿನ್‌ನ ಮೈ ಬದಲಿಸುವ ಖರ್ಚಿನ ಮುಂದೆ ಇದು ಬಹಳ ಕಡಿಮೆ.

4. ತೂತಿನ ಸುತ್ತಲೇ ಬಿರುಕು ಬಿಟ್ಟಿದ್ದರೆ ಅಲ್ಯೂಮಿನಿಯಂಗೆ ಆರ್ಗಾನ್ ವೆಲ್ಡಿಂಗ್ ಮಾಡುವವರ ಬಳಿ ತುಂಬಿಸಿ, ಹೊಸದಾಗಿ ಥ್ರೆಡ್ ಹಾಕಿಸಬೇಕು.

ಎಂ-ಸೀಲ್, ಟೆಫ್ಲಾನ್ ಟೇಪ್, ದಾರ ಸುತ್ತುವುದು, ಇವು ಯಾವುವೂ ಬೇಡ. ಇಂಜಿನ್‌ನ ಅದುರಾಟಕ್ಕೆ ಅವು ನಿಲ್ಲುವುದಿಲ್ಲ. ಒಂದು ಚೂರು ಕಿತ್ತು ಒಳಗೆ ಹೋದರೆ ಆಯಿಲ್ ಹರಿಯುವ ದಾರಿಯೇ ಕಟ್ಟಿಕೊಳ್ಳಬಹುದು.

ಕೆಲಸ ಮಾಡಿಸುವಾಗ ಪಕ್ಕದಲ್ಲೇ ನಿಂತು ನೋಡಿ

ಕೊರೆಯುವಾಗ ಉದುರುವ ಲೋಹದ ಪುಡಿ ಇಂಜಿನ್ ಒಳಗೆ ಉಳಿಯಬಾರದು. ಡ್ರಿಲ್‌ಗೂ ಟ್ಯಾಪ್‌ಗೂ ಗ್ರೀಸ್ ಸವರಿದರೆ ಪುಡಿ ಅದಕ್ಕೇ ಅಂಟಿಕೊಂಡು ಹೊರಬರುತ್ತದೆ. ಮುಗಿದ ಮೇಲೆ ಬೋಲ್ಟ್ ಹಾಕುವ ಮೊದಲು ಮೇಲಿನಿಂದ ಸ್ವಲ್ಪ ಹೊಸ ಆಯಿಲ್ ಸುರಿದು ಕೆಳಗೆ ಹರಿಯಬಿಡಲು ಹೇಳಿ. ಆಯಿಲ್ ಜಾಲರಿ ಇರುವ ಗಾಡಿಯಾದರೆ ಅದನ್ನೂ ತೊಳೆಸಿ. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿಡಿ. ಬೆಳಿಗ್ಗೆ ರಟ್ಟು ಒಣಗಿದ್ದರೆ ಕೆಲಸ ಸರಿಯಾಗಿದೆ.

ಮತ್ತೆ ಹೋಗದಂತೆ

ಬೋಲ್ಟನ್ನು ಮೊದಲು ಬೆರಳಿನಿಂದಲೇ ತಿರುಗಿಸಿ. ಬೆರಳಿಗೆ ತಿರುಗದಿದ್ದರೆ ಓರೆಯಾಗಿದೆ ಎಂದರ್ಥ, ತೆಗೆದು ಮತ್ತೆ ಹಾಕಿ. ಪ್ರತಿ ಸಲ ಹೊಸ ವಾಷರ್ ಬಳಸಿ. ಎಷ್ಟು ಬಿಗಿಯಬೇಕು ಎಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಎಷ್ಟೋ ಸ್ಕೂಟರ್‌ಗಳಿಗೆ ಅದು 20ರಿಂದ 25 ನ್ಯೂಟನ್ ಮೀಟರ್ ಆಸುಪಾಸು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಗೇಣುದ್ದದ ಸ್ಪ್ಯಾನರ್‌ನ ತುದಿಗೆ 10 ಲೀಟರ್ ಹಾಲು ತೂಗುಹಾಕಿದಷ್ಟು ಬಲ. ಅದಕ್ಕಿಂತ ಹೆಚ್ಚು ಬೇಡ.

ಇಳಿಸಿದ ಆಯಿಲ್ ಕೊಟ್ಟಿಗೆಯ ಹತ್ತಿರ ಬೇಡ

ಪಶುವೈದ್ಯಾಧಿಕಾರಿಯಾಗಿ ಇದನ್ನು ಒತ್ತಿ ಹೇಳಬೇಕು. ಹಳೆಯ ಆಯಿಲನ್ನು ಉಣ್ಣೆಗೆಂದೋ ಗಾಯಕ್ಕೆಂದೋ ರಾಸುಗಳ ಮೈಗೆ ಸವರುವ ಅಭ್ಯಾಸ ಇನ್ನೂ ಇದೆ. ಅದರಲ್ಲಿ ಲೋಹದ ಅಂಶವೂ ವಿಷಕಾರಿ ವಸ್ತುಗಳೂ ಇರುತ್ತವೆ. ಚರ್ಮ ಸುಡುತ್ತದೆ, ರಾಸು ಅದನ್ನು ನೆಕ್ಕುತ್ತದೆ. ತೆರೆದಿಟ್ಟ ಡಬ್ಬಿಯನ್ನೂ ದನ ಆಸೆಯಿಂದ ನೆಕ್ಕುವುದುಂಟು. ರಾಸು ಹಲ್ಲು ಕಡಿಯುವುದು, ಕಣ್ಣು ಕಾಣದಂತೆ ಗೋಡೆಗೆ ತಲೆ ಒತ್ತುವುದು, ನಡುಗುವುದು ಕಂಡರೆ ಕೂಡಲೇ ಪಶುವೈದ್ಯರನ್ನು ಕರೆಯಿರಿ. ಆಯಿಲನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ ಗ್ಯಾರೇಜ್‌ಗೆ ಕೊಡಿ, ಮೋರಿಗೂ ಗೊಬ್ಬರದ ಗುಂಡಿಗೂ ಸುರಿಯಬೇಡಿ.

ಮನೆಯಂಗಳದಲ್ಲಿ ದುರಸ್ತಿ ಮಾಡಿಸಿದರೆ ಹಳೆಯ ಬೋಲ್ಟ್, ತಂತಿಯ ಚೂರು ಎಲ್ಲವನ್ನೂ ಆರಿಸಿ ತೆಗೆಯಿರಿ. ಮೇವಿನ ಜೊತೆ ಹೊಟ್ಟೆ ಸೇರಿದ ತಂತಿ ಹೃದಯದವರೆಗೂ ಚುಚ್ಚಿ ರಾಸಿನ ಜೀವ ತೆಗೆಯಬಲ್ಲದು. ಗಾಡಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆದೇ ಕೆಚ್ಚಲಿಗೆ ಕೈ ಹಾಕಿ. ಹಾಲಿನ ಕೊಬ್ಬು ಎಣ್ಣೆಯ ವಾಸನೆಯನ್ನು ಬೇಗ ಹಿಡಿಯುತ್ತದೆ.

ಮುಂದಿನ ಸಲ ಆಯಿಲ್ ಬದಲಿಸುವಾಗ ಹೊಸ ವಾಷರ್ ಒಂದನ್ನು ಮೊದಲೇ ತಂದಿಟ್ಟುಕೊಳ್ಳಿ. ಸ್ಪ್ಯಾನರ್‌ಗೆ ಯಾರಾದರೂ ಪೈಪ್ ಸಿಕ್ಕಿಸಲು ಬಂದರೆ ಬೇಡವೆನ್ನಿ.